ಎಂಟನೇ ನಂಬರಿನ ಪ್ಲಗ್ಗು

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರು ನನಗೆ ಬಂತು. ಅವರು ಅದನ್ನು ಓಡಿಸುತ್ತಿದ್ದ ಕ್ರಮ ಬರಲಿಲ್ಲ. ಇಷ್ಟು ಬರೆದರೆ ನಡೆದದ್ದೆಲ್ಲ ಬರೆದ ಹಾಗೆಯೇ. ಆದರೂ ಮುಂದುವರಿಸುತ್ತೇನೆ, ಯಾಕೆಂದರೆ ಆ ವರ್ಷ ಕೂಳೂರು ಸೇತುವೆಯ ಮೇಲೆ ನನ್ನ ಹಿಂದೆ ಸಿಕ್ಕಿಬಿದ್ದು ಹಾರ್ನ್ ಹೊಡೆದವರಿಗೆಲ್ಲ ಒಂದು ವಿವರಣೆ ಸಲ್ಲಬೇಕು.

ಹೊರಗಿನಿಂದ ನೋಡಿದರೆ ಅದು ಸಾಧಾರಣ ಬಿಳಿ ಕಾರು. ಒಳಗೆ ಟರ್ಬೊ ಇರುವ ಪೆಟ್ರೋಲ್ ಇಂಜಿನ್. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ಬಲದಿಂದಲೇ ತಿರುಗಿ, ಇಂಜಿನ್ನಿನ ಒಳಗೆ ಗಾಳಿ ತುರುಕುವ ಒಂದು ಚಕ್ರ. ಕಂಪನಿಯವರು ಕೊಟ್ಟ ಗಾಳಿ ನನ್ನ ಗಂಡನಿಗೆ ಸಾಕಾಗಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಬರುವ ಒಬ್ಬರನ್ನು ಕರೆಸಿ, ಕಾರಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಕಲಿಸಿದರು. ಗಾಳಿ ಹೆಚ್ಚಾಯಿತು, ಪೆಟ್ರೋಲ್ ಹೆಚ್ಚಾಯಿತು, ಒಳಗಿನ ಬೆಂಕಿಯೂ ಹೆಚ್ಚಾಯಿತು. ಇದಕ್ಕೆ ಟ್ಯೂನ್ ಮಾಡುವುದು ಎನ್ನುತ್ತಾರೆ. ಗಲ್ಫಿನಿಂದ ವಾಪಸು ಬಂದ ಮೇಲೆ ಅವರು ಪಂಪ್‌ವೆಲ್‌ನಲ್ಲಿ ನಳ್ಳಿ, ಶವರ್ ಮಾರುವ ಅಂಗಡಿ ಇಟ್ಟಿದ್ದರು. ವಾರವಿಡೀ ಜನರಿಗೆ ನೀರು ನಿಲ್ಲಿಸುವ ಸಾಮಾನು ಮಾರಿ, ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರೇ ಬಾನೆಟ್ ಎತ್ತಿ ಬೆಂಕಿಯ ಹಿಂದೆ ಬೀಳುತ್ತಿದ್ದರು.

ಹೆಚ್ಚಾದ ಬೆಂಕಿಗೆ ಯಾವ ಸ್ಪಾರ್ಕ್ ಪ್ಲಗ್ ಹಾಕಬೇಕು ಎಂಬುದು ನಮ್ಮ ಮನೆಯಲ್ಲಿ ಬಹಳ ಕಾಲ ಊಟದ ಹೊತ್ತಿನ ವಿಷಯವಾಗಿತ್ತು. ನಾನು ಪಿಯುಸಿ ಓದಿ ಶಾಲೆಯೊಂದರ ಆಫೀಸಿನಲ್ಲಿ ಕೂತವಳು. ನನಗೆ ಅರ್ಥವಾಗಲೆಂದು ಅವರು ಗಂಜಿಯ ಉದಾಹರಣೆ ಕೊಟ್ಟರು.

"ಗಂಜಿಯನ್ನು ಅಗಲ ಬಟ್ಟಲಿಗೆ ಹಾಕಿದರೆ ಬೇಗ ಆರ್ತದೆ. ಪಾತ್ರೆಯಲ್ಲೇ ಬಿಟ್ಟರೆ ಆರುದಿಲ್ಲ. ಕೋಲ್ಡ್ ಪ್ಲಗ್ ಅಂದ್ರೆ ಬಟ್ಟಲು. ಮೂತಿಗೆ ಹತ್ತಿದ ಬಿಸಿಯನ್ನು ಬೇಗ ಬೇಗ ದಾಟಿಸಿಬಿಡ್ತದೆ. ಹಾಟ್ ಪ್ಲಗ್ ಅಂದ್ರೆ ಪಾತ್ರೆ. ಬಿಸಿ ಹಿಡಿದು ಕೂತುಕೊಳ್ತದೆ. ಗಂಜಿ ಎರಡರಲ್ಲೂ ಒಂದೇ."

"ಹೆಚ್ಚು ಬಿಸಿ ಹಿಡಿದ್ರೆ ಎಂತ ಆಗ್ತದೆ?"

"ಮೂತಿ ಕೆಂಡ ಆಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಕೊಡ್ತದೆ. ಪಿಸ್ಟನ್ ತೂತು."

"ಹೆಚ್ಚು ತಣ್ಣಗಾದ್ರೆ?"

"ಮಸಿ ಸುಟ್ಟು ಹೋಗುದಿಲ್ಲ. ಅಲ್ಲೇ ಕಟ್ಟಿಕೊಳ್ತದೆ. ಕಾರು ಕೆಮ್ಮಲಿಕ್ಕೆ ಶುರು."

ನನ್ನ ಅತ್ತೆ, ನಾವು ಮಾಂಯ್ ಎನ್ನುವವರು, ಮೀನಿನ ಮುಳ್ಳು ಬಿಡಿಸುತ್ತ, "ಹಾಗಾದ್ರೆ ನಡುವಿನದ್ದು ಹಾಕು. ಅದಕ್ಕೆ ಇಷ್ಟು ಭಾಷಣ ಯಾಕೆ?" ಎಂದರು. ಆ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾಂಯ್ ಸೈಕಲನ್ನೂ ಓಡಿಸಿದವರಲ್ಲ.

ಕಂಪನಿ ಹಾಕಿ ಕೊಟ್ಟದ್ದು ಆರನೇ ನಂಬರಿನ ಪ್ಲಗ್ಗು. ಆ ತಯಾರಕರಲ್ಲಿ ನಂಬರ್ ಏರಿದಂತೆ ಪ್ಲಗ್ಗು ತಣ್ಣಗೆ. ಇವರು ಏಳನ್ನು ಹಾರಿ ನೇರ ಎಂಟಕ್ಕೆ ಹೋದರು. ಕಾರನ್ನು ಅಷ್ಟು ಎಳೆದು ಓಡಿಸುವವರಿಗೆ ಅದು ಸರಿಯಾಗಿಯೇ ಇತ್ತು. ಒಂದು ಭಾನುವಾರ ಮನೆಯ ಅಂಗಳದಲ್ಲಿ, ಪೂಜೆಗೆ ಹೋದ ಅಂಗಿಯನ್ನೂ ಬದಲಿಸದೆ, ನಾಲ್ಕನ್ನೂ ತಾವೇ ಕೂರಿಸಿ ಬಿಗಿದರು.

ಅದೇ ವಾರದೊಳಗೆ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಲ್ಲಿಯೇ ಅವರ ಹೃದಯ ನಿಂತಿತು. ಎದುರಿಗಿದ್ದ ಗಿರಾಕಿ, ಇವರು ಶವರಿನ ರೇಟು ಯೋಚಿಸುತ್ತಿದ್ದಾರೆಂದು ತಿಳಿದು ಸ್ವಲ್ಪ ಹೊತ್ತು ಮರ್ಯಾದೆಯಿಂದ ಕಾದರಂತೆ.

ಆಮೇಲೆ ಅವರು ಮುಟ್ಟಿದ್ದೆಲ್ಲ ಒಂದೊಂದಾಗಿ ಬೇರೆಯವರ ಕೈಗೆ ಹೋಯಿತು. ಬಟ್ಟೆಗಳನ್ನು ನೆಂಟರು ಮಡಚಿದರು. ಅಂಗಡಿಯನ್ನು ಬಾಗಿಲಿನ ಬೀಗದ ಸಮೇತ ಇನ್ನೊಬ್ಬರು ವಹಿಸಿಕೊಂಡರು. ಅವರು ಬಿಗಿದ ಗೋಡೆಯ ಸ್ಕ್ರೂಗಳನ್ನು ಕೂಡ ಬಣ್ಣ ಬಳಿಯುವವರು ಬಿಚ್ಚಿ ಮತ್ತೆ ಹಾಕಿದರು. ಅವರ ಕೈ ಕೊನೆಯದಾಗಿ ಬಿಗಿದು, ಮತ್ತೆ ಯಾರ ಕೈಯೂ ಬಿಚ್ಚದೆ ಉಳಿದದ್ದು ಆ ನಾಲ್ಕು ಪ್ಲಗ್ಗು ಮಾತ್ರ. ಅವುಗಳನ್ನು ಬಿಚ್ಚಲು ಬಿಡುವುದಿಲ್ಲ ಎಂದು ನಾನು ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೌನ್ಸೆಲಿಂಗಿಗೆ ಕರೆದುಕೊಂಡು ಹೋಗುತ್ತಿದ್ದರು.

ನಾನು ಕಾರು ಓಡಿಸುವುದು ಹೇಗೆಂದರೆ, ಬೆಳಿಗ್ಗೆ ಮನೆಯಿಂದ ಶಾಲೆಗೆ, ಸಂಜೆ ಶಾಲೆಯಿಂದ ಮೀನು ಮಾರ್ಕೆಟ್ಟಿಗೆ, ಅಲ್ಲಿಂದ ಮನೆಗೆ. ರಿಕ್ಷಾದವರು ನನ್ನನ್ನು ಎರಡೂ ಬದಿಯಿಂದ ಹಿಂದೆ ಹಾಕುತ್ತಾರೆ. ಇಷ್ಟು ಸಾವಕಾಶದ ಓಟಕ್ಕೆ ಎಂಟನೇ ನಂಬರಿನ ಪ್ಲಗ್ಗು ಬಿಸಿಯಾಗುವುದೇ ಇಲ್ಲ. ಮೊದಲು ಕಾರು ಬೆಳಿಗ್ಗೆ ಒಂದೆರಡು ಸಲ ಕೆಮ್ಮುತ್ತಿತ್ತು. ಮತ್ತೆ ಸಿಗ್ನಲ್ಲಿನಲ್ಲಿ ನಡುಗತೊಡಗಿತು. ಕಡೆಗೆ ಒಂದು ಸಂಜೆ ಕೂಳೂರು ಸೇತುವೆಯ ಮೇಲೆ, ಹಿಂದಿನ ಸೀಟಿನಲ್ಲಿ ಮಾಂಯ್ ಮತ್ತು ಬಂಗುಡೆ ಇರುವಾಗ, ಪೂರ್ತಿ ನಿಂತಿತು.

"ಬಾಯೆ, ಬಂಗುಡೆ ಹಾಳಾಗ್ತದೆ" ಎಂದರು ಮಾಂಯ್. ಹಿಂದೆ ಸುರತ್ಕಲ್‌ವರೆಗೆ ಹಾರ್ನ್ ಕೇಳುತ್ತಿತ್ತು.

ಸೇತುವೆ ಇಳಿದಲ್ಲೇ ನನ್ನ ಗಂಡನ ಪರಿಚಯದ ಮೆಕ್ಯಾನಿಕರ ಗ್ಯಾರೇಜು. ನಾಲ್ಕು ಜನ ಸೇರಿ ಅಲ್ಲಿಗೆ ತಳ್ಳಿದರು. ಮೆಕ್ಯಾನಿಕ್ ದೊಡ್ಡ ಗಂಟಲಿನ ಮನುಷ್ಯ. ಎಂತ ತೊಂದರೆ ಎಂದು ಕೇಳುವ ಮೊದಲೇ ಉತ್ತರ ಹೇಳುತ್ತಾರೆ, ಆಮೇಲೆ ಅದನ್ನು ಬದಲಿಸುತ್ತಾರೆ. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ತುಳು ಮಾತಾಡುವವರು ಕರೆಯುವಂತೆ ಅವರು ನನ್ನ ಗಂಡನನ್ನು ಪೊರ್ಬುಲು ಎನ್ನುತ್ತಿದ್ದರು. ನಾನು ಬಾಯಮ್ಮ, ಮಾಂಯ್ ದೊಡ್ಡ ಬಾಯಮ್ಮ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಗ್ಯಾರೇಜಿನಲ್ಲಿ ಅರ್ಧ ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಪೆಟ್ರೋಲ್ ಪಂಪು" ಎಂದರು. ನಾಲ್ಕೈದು ಸಲ ಕೀ ತಿರುಗಿಸಿ ಹೇಗೋ ಇಂಜಿನ್ ಚಾಲೂ ಮಾಡಿ, ಅದರ ಸದ್ದು ಕೇಳಿ, "ಅಲ್ಲ, ಪ್ಲಗ್ಗು. ಪೊರ್ಬುಲು ಹಾಕಿದ ಎಂಟು ನಿಮ್ಮ ಡ್ರೈವಿಂಗಿಗೆ ಆಗುದಿಲ್ಲ ಬಾಯಮ್ಮ. ಬಿಚ್ಚಿ ಬೇರೆ ಹಾಕುವ" ಎಂದರು.

"ಬಿಚ್ಚುವುದು ಬೇಡ."

"ಬಿಚ್ಚದೆ ಹೇಗೆ ಬಾಯಮ್ಮ? ನಾನು ಡಾಕ್ಟರಾ, ಹೊರಗಿಂದ ನೋಡಿ ಮಾತ್ರೆ ಕೊಡ್ಲಿಕ್ಕೆ?"

"ಬೇರೆ ದಾರಿ ಇದ್ದರೆ ಹೇಳಿ."

ಅವರು ನನ್ನನ್ನು ನೋಡಿದರು. ಅರ್ಥವಾಯಿತೋ ಇಲ್ಲವೋ, ಧ್ವನಿ ಸ್ವಲ್ಪ ಇಳಿಯಿತು. "ಒಂದು ದಾರಿ ಉಂಟು. ಪೊರ್ಬುಲು ಓಡಿಸಿದ ಹಾಗೆ ಓಡಿಸಬೇಕು. ವಾರಕ್ಕೊಮ್ಮೆ ಹೈವೇಗೆ ಹೋಗಿ, ಮೂರನೇ ಗೇರಿನಲ್ಲೇ ಇಟ್ಟು, ಆರ್‌ಪಿಎಮ್ ಮುಳ್ಳು ನಾಲ್ಕು ಸಾವಿರದ ಮೇಲೆ, ಕಾಲು ಗಂಟೆ ಎಳೆಯಿರಿ. ಪ್ಲಗ್ಗು ಬಿಸಿಯಾಗಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ತದೆ."

ಹೀಗೆ ನಮ್ಮ ಭಾನುವಾರಗಳು ಶುರುವಾದವು.

ನಾನು ಒಬ್ಬಳೇ ಹೋಗಬೇಕೆಂದಿದ್ದೆ. ಮಾಂಯ್ ಬಿಡಲಿಲ್ಲ. "ಒಬ್ಬಳೇ ಹೋಗಿ ಸಾಯುದು ಬೇಡ" ಎಂದು ಪೂಜೆಯ ಸೀರೆಯಲ್ಲೇ ಹಿಂದೆ ಕೂತರು. ಕಾಲು ಗಂಟೆ ಆಯಿತೋ ಎಂದು ನೋಡಲು ನನಗೆ ರಸ್ತೆಯಿಂದ ಕಣ್ಣು ತೆಗೆಯುವ ಧೈರ್ಯವಿಲ್ಲ, ಮಾಂಯ್‌ಗೆ ಕನ್ನಡಕವಿಲ್ಲದೆ ಗಡಿಯಾರ ಕಾಣುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಸಮಯಕ್ಕೆ ಗಡಿಯಾರ ಯಾವತ್ತೂ ಬೇಕಾಗಿರಲಿಲ್ಲ. ಮೊಟ್ಟೆ ಬೇಯುವುದಕ್ಕೆ ಇಷ್ಟು ಸಲ ‘ನಮಾನ್ ಮರಿಯೆ’ ಪ್ರಾರ್ಥನೆ, ಅನ್ನ ಇಂಗುವುದಕ್ಕೆ ಇಷ್ಟು ಎಂದು ಮಾಂಯ್‌ಗೆ ಬಾಯಿಪಾಠ. ಪೂರ್ತಿ ಜಪಮಾಲೆ, ಅಂದರೆ ತೇರ್ಸ್, ಹೇಳಿ ಮುಗಿಸಲು ಸರಿಯಾಗಿ ಕಾಲು ಗಂಟೆ. ಆದ್ದರಿಂದ ಒಂದು ತೇರ್ಸ್ ಮುಗಿಯುವ ತನಕ ಎಳೆಯುವುದು ಎಂದು ತೀರ್ಮಾನವಾಯಿತು.

ಮೂರನೇ ಗೇರಿನಲ್ಲಿ ಮುಳ್ಳನ್ನು ನಾಲ್ಕು ಸಾವಿರದ ಮೇಲೆ ಇಟ್ಟರೆ ಕಾರು ಎಂಬತ್ತರ ಆಸುಪಾಸಿನಲ್ಲಿ ಹೋಗುತ್ತದೆ, ಆದರೆ ವಿಮಾನ ಏಳುವ ಹಾಗೆ ಕಿರುಚುತ್ತದೆ. ನೋಡುವವರಿಗೆ ಇದು ವಿಚಿತ್ರ ದೃಶ್ಯವಾಗಿರಬೇಕು. ಇಷ್ಟು ಬೊಬ್ಬೆ ಹೊಡೆಯುವ ಕಾರನ್ನು ಬಸ್ಸುಗಳು ಆರಾಮವಾಗಿ ಹಿಂದೆ ಹಾಕಿ ಹೋಗುತ್ತಿದ್ದವು. ಒಬ್ಬ ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ, "ಗೇರ್ ಹಾಕಿ ಮಾರಾಯ್ರೇ! ಇನ್ನೂ ಎರಡು ಉಂಟು!" ಎಂದು ಕೂಗಿದ. ಮಾಂಯ್ ಗಾಜು ಇಳಿಸಿ, "ನೀನು ಟಿಕೆಟ್ ಕೊಡು!" ಎಂದು ಹೇಳಿ, ಗಾಜು ಏರಿಸಿ, ಬಿಟ್ಟಲ್ಲಿಂದ ಪ್ರಾರ್ಥನೆ ಮುಂದುವರಿಸಿದರು.

ಮೊದಲ ಭಾನುವಾರ ಅವರು ಕಣ್ಣು ಮುಚ್ಚಿಕೊಂಡಿದ್ದರು. ಕ್ರಮೇಣ ಕಣ್ಣು ತೆರೆದರು. ಆಮೇಲೆ ಎರಡು ಪ್ರಾರ್ಥನೆಗಳ ನಡುವೆ, "ಸದ್ದು ಇಳಿಯಿತು, ಒತ್ತು" ಎಂದು ಹೇಳತೊಡಗಿದರು.

ಇಷ್ಟು ಮಾಡಿಯೂ ಬುಧವಾರದ ಹೊತ್ತಿಗೆ ಕಾರು ಮತ್ತೆ ಕೆಮ್ಮುತ್ತಿತ್ತು. ಮೆಕ್ಯಾನಿಕ್ ತಲೆ ಕೆರೆದುಕೊಂಡರು. "ಕಾಲು ಗಂಟೆ ಎಳೆದ್ರಾ?"

"ಒಂದು ಪೂರ್ತಿ ತೇರ್ಸ್ ಎಳೆದೆವು" ಎಂದರು ಮಾಂಯ್.

"ಅದೆಷ್ಟು ನಿಮಿಷ?"

"ಕಾಲು ಗಂಟೆ. ನನ್ನ ಅಮ್ಮನ ಕಾಲದಿಂದ ಕಾಲು ಗಂಟೆ."

ಮೆಕ್ಯಾನಿಕ್‌ಗೆ ಸಂಶಯ ಬಂತು. ಮಾಂಯ್ ಅವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಮೊಬೈಲಿನಲ್ಲಿ ಸಮಯ ಹಿಡಿದು, ಹೇಳಿ ಎಂದರು. ಮಾಂಯ್ ಸಮಾಧಾನದಲ್ಲಿ ಆರಂಭಿಸಿದರು. ಮೆಕ್ಯಾನಿಕ್ ಮತ್ತು ನಾನು ತಲೆ ತಗ್ಗಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಮೆಕ್ಯಾನಿಕ್ ಮೆಲ್ಲನೆ ಕಾರಿನೊಳಗೆ ಕೂತು ಇಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ಒತ್ತಿದರು. ಇಂಜಿನ್ ಕಿರುಚಿತು. ಮಾಂಯ್ ಅವರ ಬಾಯಿಯೂ ಅದರ ಜೊತೆಗೆ ಏರಿತು. ಮಣಿಗಳು ಬೆರಳಿನ ನಡುವೆ ಕಡಲೆ ಉದುರಿದ ಹಾಗೆ ಉದುರಿದವು. ಕಾಲು ತೆಗೆದರೆ ಪ್ರಾರ್ಥನೆ ನಿಧಾನ, ಒತ್ತಿದರೆ ಜೋರು. ಅವರಿಗೆ ಇದು ಗೊತ್ತೇ ಆಗಲಿಲ್ಲ.

"ಆರು ನಿಮಿಷಕ್ಕೆ ಮುಗಿಸ್ತಾರೆ!" ಎಂದು ಮೆಕ್ಯಾನಿಕ್ ಅಚ್ಚರಿಯಿಂದ ಹೇಳಿದರು. "ದೊಡ್ಡ ಬಾಯಮ್ಮ, ನಿಮಗೂ ಟ್ಯೂನ್ ಆಗಿದೆ."

ಇಂಜಿನ್ ಜೋರಾದಷ್ಟೂ ತೇರ್ಸ್ ಬೇಗ ಮುಗಿಯುತ್ತಿತ್ತು. ಪ್ಲಗ್ಗು ಬಿಸಿಯಾಗುವ ಮೊದಲೇ ನಾವು ಆಮೆನ್ ಹೇಳಿ ಕಾಲು ತೆಗೆಯುತ್ತಿದ್ದೆವು. ಆಮೇಲೆ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಎಳೆದೆವು. ಬುಧವಾರದ ಕೆಮ್ಮು ಶುಕ್ರವಾರಕ್ಕೆ ಹೋಯಿತು, ಅಷ್ಟೆ. ಉಳಿದ ದಿನಗಳ ಶಾಲೆ ಮತ್ತು ಮೀನಿನ ಓಟ ಮಸಿ ಕಟ್ಟುತ್ತಲೇ ಇತ್ತು. ಆದರೂ ನಾನು ಬಿಚ್ಚಲು ಒಪ್ಪಲಿಲ್ಲ.

ಅವರು ತೀರಿಕೊಂಡ ವರ್ಷದ ಪೂಜೆ ಹತ್ತಿರ ಬಂತು. ಮಗನ ಪೂಜೆಗೆ ಮಗನ ಕಾರಿನಲ್ಲೇ ಹೋಗಬೇಕೆಂದು ಮಾಂಯ್ ಹಟ. ದಾರಿಯಲ್ಲಿ ನಿಂತರೆ ಎಂದು ನನಗೆ ಭಯ. ಹಿಂದಿನ ದಿನ ಮಾಂಯ್ ಅವರನ್ನೂ ಕೂರಿಸಿಕೊಂಡು ಕಾರನ್ನು ಗ್ಯಾರೇಜಿಗೆ ಒಯ್ದೆ. ಪ್ಲಗ್ಗು ಮುಟ್ಟದೆ ಬೇರೆ ಏನಾದರೂ ಹಾಳಾಗಿದೆಯೇ ನೋಡಿ ಎಂದೆ. ಪ್ರತಿ ಪ್ಲಗ್ಗಿನ ಮೇಲೆ ಕಿಡಿಗೆ ಕರೆಂಟು ಕೊಡುವ ಒಂದು ಕಾಯಿಲ್ ಇರುತ್ತದೆ. ಅವನ್ನು ಪರೀಕ್ಷಿಸಲು ಮೆಕ್ಯಾನಿಕ್ ನಾಲ್ಕನ್ನೂ ಎತ್ತಿ ಬೆಂಚಿನ ಮೇಲಿಟ್ಟರು. ಈಗ ಇಂಜಿನ್ನಿನ ತಲೆಯಲ್ಲಿ ನಾಲ್ಕು ಆಳವಾದ ತೂತುಗಳು. ಒಂದೊಂದರ ತಳದಲ್ಲಿ ಒಂದೊಂದು ಪ್ಲಗ್ಗು. ಇಷ್ಟು ಹೊತ್ತಿಗೆ ನನ್ನ ಗಂಡನ ಗೆಳೆಯರೊಬ್ಬರೂ ಬಂದರು. ಅವರು ಹೋಟೆಲ್ ಇಟ್ಟುಕೊಂಡವರು. ಅವರೂ ನನ್ನ ಗಂಡನೂ ಒಟ್ಟಿಗೇ ಒಂದೇ ತರದ ಕಾರು ಕೊಂಡು ಒಟ್ಟಿಗೇ ಟ್ಯೂನ್ ಮಾಡಿಸಿದ್ದರು. ನನ್ನನ್ನು ಒಪ್ಪಿಸಲೆಂದು ಮೆಕ್ಯಾನಿಕ್ ಅವರನ್ನು ಕರೆಸಿದ್ದರು. ಆದರೆ ಅವರು ಬಂದದ್ದು ಬೇರೆ ಪಕ್ಷದಲ್ಲಿ.

"ಅತ್ತಿಗೆ, ಎಂಟು ತೆಗೀಬೇಡಿ. ಅವನು ಯೋಚನೆ ಮಾಡಿ ಹಾಕಿದ್ದು. ಆರು ಹಾಕಿದ್ರೆ ಪಿಸ್ಟನ್ ಹೋಗ್ತದೆ."

"ಧಣಿ, ಪಿಸ್ಟನ್ ಹೋಗ್ಲಿಕ್ಕೆ ಬಾಯಮ್ಮ ಕಾಲು ಒತ್ತಬೇಕಲ್ಲ?" ಎಂದರು ಮೆಕ್ಯಾನಿಕ್. "ಇವರು ಒತ್ತುದು ಭಾನುವಾರ ಮಾತ್ರ, ಅದೂ ಅಲಾರಾಂ ಹೊಡೆಯುವ ತನಕ."

"ಹಾಗಾದ್ರೆ ನಾನು ತಂದದ್ದು ಹಾಕು. ಬೇರೆ ಕಂಪನಿಯದ್ದು, ಏಳು."

ಮೆಕ್ಯಾನಿಕ್ ಪೆಟ್ಟಿಗೆ ತಿರುಗಿಸಿ ನೋಡಿ ನಕ್ಕರು. "ಎಂತ ಧಣಿ, ಈ ಕಂಪನಿಯವರದ್ದು ಉಲ್ಟಾ ಲೆಕ್ಕ. ಇವರಲ್ಲಿ ನಂಬರ್ ಏರಿದ ಹಾಗೆ ಬಿಸಿ. ಇದನ್ನು ಹಾಕಿದ್ರೆ ಪಿಸ್ಟನ್ ಅಲ್ಲ, ಬಾನೆಟ್ಟೇ ಹಾರ್ತದೆ."

"ಬಾನೆಟ್ ಹಾರುದು ನಿನ್ನ ಬಾಯಿಗೆ. ಎಲ್ಲಿ ಉಂಟು ಉಲ್ಟಾ, ತೋರಿಸು."

ಇಬ್ಬರೂ ಮೊಬೈಲ್ ಹಿಡಿದು ಜಗಳಕ್ಕೆ ನಿಂತರು. ನಾನು ಅದನ್ನು ನೋಡುತ್ತ ನಿಂತೆ. ಅಷ್ಟರಲ್ಲಿ ಮಾಂಯ್ ಕರೆದಿದ್ದ ಫಾದರ್ ಸ್ಕೂಟರಿನಲ್ಲಿ ಬಂದರು. ಹೊಸದಾಗಿ ಬಂದ ಎಳೆಯ ಪ್ರಾಯದ ಫಾದರ್. ಪಾಪ, ಹೊಸ ಕಾರು ಎಂದುಕೊಂಡು ಬಂದಿದ್ದರು. ಪುಸ್ತಕ ತೆರೆದು ಚಿಕ್ಕ ಪ್ರಾರ್ಥನೆ ಹೇಳಿ, ಬಾಟಲಿಯ ಪವಿತ್ರ ನೀರನ್ನು ಟಯರಿಗೆ ಚಿಮುಕಿಸಿದರು.

"ಟಯರಿಗೆ ಹಾಕಿ ಪ್ರಯೋಜನ ಇಲ್ಲ ಫಾದರ್. ಕಾಯಿಲೆ ಒಳಗೆ" ಎಂದರು ಮಾಂಯ್.

ಫಾದರ್ ಇಂಜಿನ್ನಿನ ಮೇಲೂ ಒಂದು ಹನಿ ಹಾಕಿದರು. ಅವರು ಸ್ಕೂಟರಿನ ಕಡೆ ತಿರುಗಿದಾಗ ಬಾಟಲಿ ಮಾಂಯ್ ಅವರ ಕೈಯಲ್ಲಿತ್ತು. ನಾನು ನೋಡುವಾಗ ಅವರು ನಾಲ್ಕನೇ ತೂತಿಗೆ ಸುರಿಯುತ್ತಿದ್ದರು.

"ಮಾಂಯ್! ಎಂತ ಮಾಡುದು?"

"ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ಟರೆ ಆಗ್ತದಾ? ನಾಲ್ಕಕ್ಕೂ ಸಮ ಹಾಕಿದ್ದೇನೆ."

ಜಗಳ ನಿಂತಿತು. ಮೆಕ್ಯಾನಿಕ್ ಓಡಿ ಬಂದು ತೂತಿಗೆ ಟಾರ್ಚ್ ಬಿಟ್ಟರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. "ಉಪ್ಪುಂಟು!"

"ಉಪ್ಪು ಹಾಕದೆ ಪವಿತ್ರ ನೀರು ಆಗ್ತದಾ? ಹಳೇ ಕ್ರಮ. ನಾನೇ ಕೇಳಿ ಹಾಕಿಸಿದ್ದು" ಎಂದರು ಮಾಂಯ್, ತಮ್ಮನ್ನು ಯಾರೋ ಹೊಗಳಿದ ಹಾಗೆ. ಫಾದರ್ ಹೆಲ್ಮೆಟ್ ಹಾಕಿಕೊಂಡು ಬೇಗ ಹೊರಟರು.

ಮೆಕ್ಯಾನಿಕ್ ಪೈಪಿನಿಂದ ಗಾಳಿ ಹೊಡೆದರು. ನೀರು ಅವರ ಮುಖಕ್ಕೇ ಹಾರಿತು. ಸ್ವಲ್ಪ ತಳದಲ್ಲಿ ನಿಂತೇ ಇತ್ತು. ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು. ಈ ಸಲ ಗಂಟಲು ಏರಿಸಲಿಲ್ಲ.

"ಬಾಯಮ್ಮ, ಉಪ್ಪು ನೀರು. ಹೀಗೇ ಬಿಟ್ಟರೆ ತುಕ್ಕು ಹಿಡಿದು ಪ್ಲಗ್ಗು ಅಲ್ಲೇ ಕಚ್ಚಿಕೊಳ್ತದೆ. ಮತ್ತೆ ಬಿಚ್ಚುವಾಗ ಮುರಿದ್ರೆ ಇಂಜಿನ್ ಬಿಚ್ಚಬೇಕು. ಈಗ ತೆಗೆದು ಒಣಗಿಸಲೇಬೇಕು. ಒಣಗಿಸಿ ಅದನ್ನೇ ಹಾಕು ಅಂದ್ರೆ ಅದನ್ನೇ ಹಾಕ್ತೇನೆ."

ನಾನು ಕಾರಿನ ಬದಿಗೆ ಕೈ ಇಟ್ಟು ನಿಂತೆ. ಗೆಳೆಯರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಮಾಂಯ್‌ಗೆ ಆಗ ಏನೋ ತಿಳಿಯಿತು ಎಂದು ಕಾಣುತ್ತದೆ. ಹತ್ತಿರ ಬಂದು, "ಅವನೇ ಕೈಯಾರೆ ಬಿಗಿದದ್ದಾ?" ಎಂದು ಕೇಳಿದರು. ಹೌದು ಎಂದೆ. "ಮೊದಲೇ ಹೇಳಬಾರದಿತ್ತಾ?" ಎಂದರು. ಅಷ್ಟೇ.

ತೆಗೆಯಿರಿ ಎಂದೆ.

ಮೊದಲನೆಯದು ಕಟಕ್ ಎಂದು ಸಡಿಲಿತು. ಆ ಸದ್ದು ನನ್ನ ಹಲ್ಲಿಗೆ ತಾಗಿತು. ಮೆಕ್ಯಾನಿಕ್ ಅದನ್ನು ಹೊರಗೆ ತೆಗೆದು ಬಟ್ಟೆಯ ಮೇಲಿಟ್ಟರು. ಮೂತಿಯ ತುಂಬ ಕಪ್ಪು ಮಸಿ, ಒಲೆಯ ಗೋಡೆಯ ಹಾಗೆ. ನಾನು ಕೈಗೆ ತೆಗೆದುಕೊಂಡು ಉಗುರಿನಿಂದ ಕೆರೆದೆ. ಮಸಿಯ ಕೆಳಗೂ ಮಸಿ. ನನ್ನ ಗಂಡ ಎಳೆದು ಓಡಿಸಿದ ಹಳೆಯ ಪ್ಲಗ್ಗುಗಳು ಕಂದು ಬಣ್ಣಕ್ಕೆ ಇರುತ್ತಿದ್ದವು. ಬಿಸ್ಕತ್ತಿನ ಬಣ್ಣ ಬರಬೇಕು ಎನ್ನುತ್ತಿದ್ದರು. ಅದರ ಗುರುತೇ ಇಲ್ಲ. ಅವರು ಇವುಗಳಲ್ಲಿ ಓಡಿಸಿದ್ದು ನಾಲ್ಕೈದು ದಿನ. ಮತ್ತೆ ಇಡೀ ವರ್ಷ ನನ್ನ ಶಾಲೆ, ನನ್ನ ಮಾರ್ಕೆಟ್ಟು, ನನ್ನ ಹೆದರಿದ ಕಾಲು. ನಾನು ಕಾದುಕೊಂಡು ಕೂತದ್ದರ ಮೇಲೆ ಇದ್ದದ್ದೆಲ್ಲ ನನ್ನದೇ.

ನನಗೆ ನಗು ಬಂತು. ಗ್ಯಾರೇಜಿನಲ್ಲಿ ಎಲ್ಲರ ಎದುರು ನಗುತ್ತ ನಿಂತೆ. ಕಣ್ಣಲ್ಲಿ ನೀರೂ ಬಂತು. ಗೆಳೆಯರು ಗಾಬರಿಯಾಗಿ ಸ್ಟೂಲು ತಂದರು. ಅದರ ಮೇಲೆ ಮಾಂಯ್ ಕೂತರು.

"ಏಳು ಉಂಟಾ?" ಎಂದು ಮೆಕ್ಯಾನಿಕ್‌ರನ್ನು ಕೇಳಿದೆ. "ಸರಿ ಲೆಕ್ಕದ ಕಂಪನಿಯದ್ದು."

"ಉಂಟು. ಏಳು ಹಾಕಿದ್ರೆ ನಿಮ್ಮ ಕಾಲಿಗೂ ಆಗ್ತದೆ, ಧಣಿ ಬಂದು ಒಂದು ದಿನ ಎಳೆದ್ರೂ ಪಿಸ್ಟನ್ ಉಳಿತದೆ."

"ನಾನು ಯಾಕೆ ಎಳೀಲಿ?" ಎಂದರು ಗೆಳೆಯರು. ಆಮೇಲೆ ಮೆಲ್ಲನೆ, "ಏಳು ಆಗ್ತದೆ ಅತ್ತಿಗೆ. ಅವನೂ ಮೊದಲು ಏಳು ಅಂತಲೇ ಇದ್ದ. ಎಂಟು ಹೇಳಿದ್ದು ನಾನು" ಎಂದರು.

ಎರಡನೆಯದೂ ಮೂರನೆಯದೂ ಹೊರಗೆ ಬಂದವು. ನಾಲ್ಕನೆಯದಕ್ಕೆ ಮೆಕ್ಯಾನಿಕ್ ಪಾನ, ಅಂದರೆ ಸ್ಪ್ಯಾನರ್, ಇಟ್ಟಾಗ, ಅದನ್ನು ನಾನು ತೆಗೆಯುತ್ತೇನೆ ಎಂದೆ. ಅವರು ಪಕ್ಕಕ್ಕೆ ಸರಿದರು. ಪಾನದ ಹಿಡಿ ತಣ್ಣಗಿತ್ತು. ಒಂದು ಕೈಯಿಂದ ಎಳೆದೆ, ಅಲುಗಲಿಲ್ಲ. ಎರಡೂ ಕೈ ಹಾಕಿದೆ.

"ಪೊರ್ಬುಲು ಜಾಸ್ತಿ ಟೈಟ್ ಮಾಡಿದ್ದಾರೆ. ಎಷ್ಟು ಸಲ ಹೇಳಿದ್ದೇನೆ, ಇಷ್ಟು ಬಿಗಿಬಾರದು ಅಂತ" ಎಂದು ಮೆಕ್ಯಾನಿಕ್ ಬೈದರು, ನನ್ನ ಗಂಡ ಅಲ್ಲೇ ನಿಂತು ಕೇಳುತ್ತಿರುವ ಹಾಗೆ.

ನಾನು ಸೀರೆಯ ಸೆರಗು ಸಿಕ್ಕಿಸಿ, ಒಂದು ಕಾಲನ್ನು ಬಂಪರಿಗೆ ಒತ್ತಿಟ್ಟು, ಪೂರ್ತಿ ಭಾರ ಹಾಕಿ ಎಳೆದೆ. ಆ ಬದಿಯಿಂದ ಅವರ ಕೈ ಹಿಡಿದಷ್ಟು ಹೊತ್ತು ಹಿಡಿಯಿತು. ನಾನೂ ಬಿಡಲಿಲ್ಲ. ಆಮೇಲೆ ಒಮ್ಮೆಲೇ ಸಡಿಲಾಗಿ, ನಾನು ಹಿಂದಕ್ಕೆ ವಾಲಿ ಮಾಂಯ್ ಅವರ ಮಡಿಲಿಗೆ ಹೋಗಿ ಬಿದ್ದೆ.

"ಬಂತಾ?" ಎಂದು ಕೇಳಿದರು ಮಾಂಯ್, ನನ್ನ ಸೊಂಟ ಹಿಡಿದುಕೊಂಡು.

"ಬಂತು."

ಹೊಸ ನಾಲ್ಕನ್ನೂ ನಾನೇ ಕೂರಿಸಿದೆ. ಬೆರಳಿನಿಂದ ತಿರುಗುವಷ್ಟು ತಿರುಗಿಸಿ, ಮತ್ತೆ ಪಾನದಿಂದ ಸ್ವಲ್ಪವೇ. ಸಾಕು ಎಂದರು ಮೆಕ್ಯಾನಿಕ್. ನಾನು ಸಾಕು ಮಾಡಿದೆ.